ಶಿಕಾರಿಪುರ–ಸೊರಬ ಮಾರ್ಗದ ಕಾರುಗಳಲ್ಲಿ ಗಣಲೋಪ: ಒಂದು ಛಂದಶ್ಶಾಸ್ತ್ರೀಯ ವಿವೇಚನೆ

ಕಾರು ಮಿಸ್ಸಿಂಗ್ ಹೊಡೆಯುವುದನ್ನು ಇಷ್ಟು ಕಾಲ ಮೆಕ್ಯಾನಿಕ್ಕುಗಳಿಗೆ ಬಿಟ್ಟುಕೊಟ್ಟದ್ದು ಕನ್ನಡ ವಿದ್ವತ್ತಿಗೆ ಶೋಭೆ ತರುವ ಸಂಗತಿಯಲ್ಲ. ಇದು ಮೂಲತಃ ಛಂದೋಭಂಗ. ನಾಲ್ಕು ಸಿಲಿಂಡರಿನ ಪೆಟ್ರೋಲ್ ಇಂಜಿನ್ನು ಸಾಮಾನ್ಯವಾಗಿ 1-3-4-2 ಎಂಬ ಕ್ರಮದಲ್ಲಿ ಉರಿಯುತ್ತದೆ. ಕ್ರ್ಯಾಂಕು ಎರಡು ಸುತ್ತು ಮುಗಿಸುವಷ್ಟರಲ್ಲಿ, 180 ಡಿಗ್ರಿಗೊಂದರಂತೆ, ನಾಲ್ಕೂ ಗಣಗಳು ಬಂದುಹೋಗಿರಬೇಕು. ಆದ್ದರಿಂದ ಇದು ಚೌಪದಿ. ಮೂರು ಸಿಲಿಂಡರಿನ ಸಣ್ಣ ಕಾರು 240 ಡಿಗ್ರಿಗೊಂದು ಪಾದವಿಡುವ ತ್ರಿಪದಿ. ಉಡುತಡಿಯ ಅಕ್ಕಮಹಾದೇವಿಯ ‘ಯೋಗಾಂಗ ತ್ರಿವಿಧಿ’ ತ್ರಿಪದಿಯಲ್ಲೇ ಇರುವುದರಿಂದ ಶಿಕಾರಿಪುರ ತಾಲ್ಲೂಕಿನ ಮಟ್ಟಿಗೆ ಮೂರರ ಇಂಜಿನ್ನಿಗೆ ಅಗ್ರಪೂಜೆ ಸಲ್ಲತಕ್ಕದ್ದು. ಆರು ಸಿಲಿಂಡರಿನ ಷಟ್ಪದಿಯನ್ನು ಕೊಳ್ಳುವ ಶಕ್ತಿ ಓದುಗರಲ್ಲಿ ಯಾರಿಗೂ ಇರಲಾರದೆಂದು ನಂಬಿ ಕೈಬಿಡಲಾಗಿದೆ. ನಿಂತಲ್ಲೇ ಇಂಜಿನ್ನು ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದರೆ ಒಂದೊಂದು ಸಿಲಿಂಡರು 400 ಸಲ ಉರಿಯಬೇಕು. ಒಂದು ಸಿಲಿಂಡರು ಕೈಕೊಟ್ಟರೆ ನಿಮಿಷಕ್ಕೆ 400 ಗಣಲೋಪ. ‘ಛಂದೋಂಬುಧಿ’ ಬರೆದ ನಾಗವರ್ಮ ತನ್ನ ಕಾಲದ ಅತಿ ಕೆಟ್ಟ ಕವಿಯಲ್ಲೂ ಇಂಥ ವೇಗವನ್ನು ಕಂಡಿರಲಾರ.

ಲೋಪವಾದದ್ದು ಯಾವ ಗಣ, ಯಾರ ತಪ್ಪಿನಿಂದ ಎಂಬುದೇ ಮುಖ್ಯ ಪ್ರಶ್ನೆ. ತಾಳಗುಂದದ ಪ್ರಣವೇಶ್ವರ ಗುಡಿಯ ಮುಂದಿನ ಕಂಬದಲ್ಲಿ, 5ನೆಯ ಶತಮಾನದಲ್ಲಿ, ಕದಂಬ ಶಾಂತಿವರ್ಮನ ಕವಿ ಕುಬ್ಜ ತಾನೇ ಕಾವ್ಯ ರಚಿಸಿ ತಾನೇ ಕಲ್ಲಿಗೆ ಬರೆದ. ಅಲ್ಲಿ ಏನಾದರೂ ಹೆಚ್ಚುಕಡಿಮೆಯಾಗಿದ್ದರೆ ಹಿಡಿದು ಕೇಳಲು ಒಬ್ಬನೇ ಆಸಾಮಿ. ಇಂಜಿನ್ನಿನಲ್ಲಿ ಆ ಸೌಕರ್ಯವಿಲ್ಲ: ಪೆಟ್ರೋಲು ಸಿಂಪಡಿಸುವುದು ಇಂಜೆಕ್ಟರು, ವಿದ್ಯುತ್ತು ಒದಗಿಸುವುದು ಕಾಯಿಲು, ಕಿಡಿ ಹಾರಿಸುವುದು ಪ್ಲಗ್ಗು, ಒತ್ತಡ ಕಾಯುವುದು ಪಿಸ್ಟನ್ ರಿಂಗು ಮತ್ತು ವಾಲ್ವು. ಐದು ಜನ ಸೇರಿ ಬರೆದ ಪದ್ಯದಲ್ಲಿ ತಪ್ಪು ಮಾಡಿದವನು ಬಾಯಿ ಬಿಡುವುದಿಲ್ಲ. ಆದ್ದರಿಂದಲೇ ಎರಡು ಪಂಥಗಳು ಹುಟ್ಟಿಕೊಂಡಿವೆ. ಅನುಕೂಲಕ್ಕೆ ಇವನ್ನು ಕುಮುದ್ವತಿ ಪಂಥ, ದಂಡಾವತಿ ಪಂಥ ಎನ್ನೋಣ. ಮೊದಲನೆಯವರು ನಡುಗುವ ಯಾವ ಕಾರು ಕಂಡರೂ ಪ್ಲಗ್ಗು ಬದಲಿಸುತ್ತಾರೆ. ಎರಡನೆಯವರು ಕಾಯಿಲು ಬದಲಿಸುತ್ತಾರೆ. ಶಾಸನದಲ್ಲಿ ಅಳಿಸಿಹೋದ ಅಕ್ಷರವನ್ನು ಊಹೆಯಿಂದ ತುಂಬುವ ಸಂಪಾದಕರಿಗೂ ಇವರಿಗೂ ಇರುವ ವ್ಯತ್ಯಾಸ, ಸಂಪಾದಕರ ಊಹೆಗೆ ದುಡ್ಡು ಬೀಳುವುದಿಲ್ಲ.

ನಮ್ಮ ಪಕ್ಷ ಪಾಠಾಂತರ ವಿಧಾನದ್ದು. ಸ್ಟಿಯರಿಂಗ್ ಕೆಳಗಿನ 16 ಪಿನ್ನಿನ ಕಿಂಡಿಗೆ ಸ್ಕ್ಯಾನರ್ ಚುಚ್ಚಿದರೆ ಕಂಪ್ಯೂಟರು ‘ಪಿ 0303’ ಎಂದೇನಾದರೂ ತೋರಿಸುತ್ತದೆ. ಕೊನೆಯ ಅಂಕಿಯೇ ಸಿಲಿಂಡರಿನ ಸಂಖ್ಯೆ. ಇದನ್ನು ಮೂರನೆಯ ಸಿಲಿಂಡರಿನ ದೋಷ ಎಂದು ಓದಬೇಕೇ ಹೊರತು ಕಾಯಿಲಿನ ದೋಷ ಎಂದಲ್ಲ. ಇಂಜಿನ್ನು ಆರಿಸಿ, ತಣಿಯಲು ಬಿಟ್ಟು, ಮೂರನೆಯ ಕಾಯಿಲನ್ನು ಎರಡನೆಯದರ ಜಾಗಕ್ಕೂ ಎರಡನೆಯದನ್ನು ಮೂರಕ್ಕೂ ಹಾಕಿ, ಕೋಡ್ ಅಳಿಸಿ, ಮತ್ತೆ ಓಡಿಸಬೇಕು. ದೋಷ 0302 ಆಗಿ ಜಾಗ ಬದಲಿಸಿದರೆ ಅಪರಾಧಿ ಕಾಯಿಲು. ಕದಲದೆ ಅಲ್ಲೇ ಕೂತರೆ ಪ್ಲಗ್ಗನ್ನೂ ಹೀಗೇ ಸ್ಥಳಾಂತರಿಸಬೇಕು. ಬಿಚ್ಚಿದ ಪ್ಲಗ್ಗಿನ ತುದಿ ಕಂದಾಗಿದ್ದರೆ ಆರೋಗ್ಯ. ಒಣಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚಾಗುತ್ತಿದೆ. ಪೆಟ್ರೋಲಿನಲ್ಲೇ ತೊಯ್ದಿದ್ದರೆ ಬಹುಮಟ್ಟಿಗೆ ಕಿಡಿ ಬಂದಿಲ್ಲ. ಅದರ ಸಂದು ಸುಮಾರು ಒಂದು ಮಿಲಿಮೀಟರು. ಸೊರಬದ ಗುಡಿಗಾರರ ಕಣ್ಣಿಗೆ ತಕ್ಕ ಕೆಲಸವಿದು, ಸುತ್ತಿಗೆ ಹಿಡಿದವರಿಗಲ್ಲ.

ಇದಕ್ಕೆ ಪೂರ್ವಪಕ್ಷಗಳು ಹಲವು. ಜಲವಾದಿಗಳ ಪ್ರಕಾರ ಎಲ್ಲಕ್ಕೂ ಕಾರಣ ಬಂಕಿನ ಪೆಟ್ರೋಲಿನಲ್ಲಿರುವ ನೀರು. ಆದರೆ ಟ್ಯಾಂಕು ಒಂದೇ, ನಾಲ್ವರೂ ಕುಡಿಯುವುದು ಅದನ್ನೇ. ನೀರಿದ್ದರೆ ಲೋಪ ಎಲ್ಲ ಪಾದಗಳಲ್ಲೂ ಚದುರಿ ‘ಪಿ 0300’ ಬರಬೇಕಾಗಿತ್ತು. ಮೂರು ಗಟ್ಟಿಯಾಗಿದ್ದು ಒಂದೇ ಸೊರಗಿದರೆ ಬಂಕಿನವರು ನಿರಪರಾಧಿಗಳು (ಈ ಒಂದು ವಿಷಯದಲ್ಲಾದರೂ). ನಡುಕವೆಲ್ಲ ಶಿರಾಳಕೊಪ್ಪದ ರಸ್ತೆಯದು ಎನ್ನುವ ರಸ್ತೆವಾದಿಗಳಿಗೆ, ಅಂಗಳದಲ್ಲಿ ನಿಂತ ಕಾರೂ ನಡುಗುತ್ತದಲ್ಲ ಎಂಬುದೇ ಉತ್ತರ. ಮೂಷಿಕವಾದಿಗಳನ್ನು ಮಾತ್ರ ನಾವು ತಳ್ಳಿಹಾಕುವುದಿಲ್ಲ. ಭತ್ತದ ಚೀಲದ ಪಕ್ಕ ಕಾರು ನಿಲ್ಲಿಸುವ ಸೀಮೆಯಲ್ಲಿ ಇಲಿ ಇಂಜೆಕ್ಟರಿನ ವೈರು ಕಡಿಯುವುದು ಪ್ರತ್ಯಕ್ಷ ಪ್ರಮಾಣ; ಕಾಯಿಲು ಮುಟ್ಟುವ ಮೊದಲೇ ಟಾರ್ಚು ಹಿಡಿದು ವೈರು ನೋಡತಕ್ಕದ್ದು. ಮಳೆಗಾಲದಲ್ಲಿ ಪ್ಲಗ್ಗಿನ ಗುಳಿಗೆ ನೀರಿಳಿದು, ಬೆಳಿಗ್ಗೆ ಮಿಸ್ಸಾಗಿ ಬಿಸಿಯೇರಿದ ಮೇಲೆ ಸರಿಹೋಗುವ ದೋಷವೂ ಮಲೆನಾಡಿಗೆ ಹೊಸತಲ್ಲ. ‘ತೋರಿಸಲು ಹೋದಾಗ ಮಾತ್ರ ಕಾರು ನೆಟ್ಟಗಿರುತ್ತದೆ’ ಎಂಬ ಆಕ್ಷೇಪಕ್ಕೆ, ಚೆಕ್ ಇಂಜಿನ್ ದೀಪ ಆರಿದರೂ ಕೋಡ್ ಕೆಲಕಾಲ ಕಂಪ್ಯೂಟರಿನ ನೆನಪಿನಲ್ಲಿ ಉಳಿಯುತ್ತದೆ ಎಂದು ಸಮಾಧಾನ. ಇನ್ನು, ‘ಹೇಗೂ ಓಡುತ್ತಿದೆಯಲ್ಲ’ ಎಂಬ ಅದ್ವೈತಿಗಳಿದ್ದಾರೆ. ಚೆಕ್ ಇಂಜಿನ್ ದೀಪ ಮಿಣುಕುತ್ತಿದ್ದರೆ ಉರಿಯದ ಪೆಟ್ರೋಲು ಸೈಲೆನ್ಸರಿನ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಕೆಂಪಗೆ ಕಾಯಿಸುತ್ತಿರುತ್ತದೆ. ಅದರ ಬೆಲೆ ಕೇಳಿದೊಡನೆ ದ್ವೈತ ತಾನಾಗಿ ಅರಿವಿಗೆ ಬರುತ್ತದೆ.

ಕಾಯಿಲು, ಪ್ಲಗ್ಗು, ಇಂಜೆಕ್ಟರು ಮೂರನ್ನೂ ಸ್ಥಳಾಂತರಿಸಿದರೂ ದೋಷ ಮೂರರಲ್ಲೇ ಉಳಿದರೆ ಕಂಪ್ರೆಷನ್ ಗೇಜು ಹಾಕಿ ನೋಡಬೇಕು. ಒತ್ತಡ ಕಡಿಮೆಯಿದ್ದರೆ ಪ್ಲಗ್ಗಿನ ತೂತಿನಿಂದ ಒಂದು ಚಮಚ ಇಂಜಿನ್ ಆಯಿಲು ಬಿಟ್ಟು ಮತ್ತೆ ಅಳೆಯುವುದು: ಏರಿದರೆ ರಿಂಗು ಸವೆದಿದೆ, ಏರದಿದ್ದರೆ ವಾಲ್ವಿನ ಮೇಲೆ ಗುಮಾನಿ. ಎರಡಕ್ಕೂ ಹೆಡ್ ಬಿಚ್ಚಬೇಕು, ಗ್ಯಾರೇಜಿಗೇ ಹೋಗಬೇಕು. ಅಲ್ಲಿ ಬರೆದುಕೊಡುವ ಬಿಲ್ಲು ಗದ್ಯದಲ್ಲಿರುವುದರಿಂದ ಪ್ರಸ್ತುತ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.