ಕತ್ತರಿ ಹಿಡಿಯುವ ಮುನ್ನ ಓದಿರಿ

ಮಿಕ್ಸಿ ಕೊಂಡರೆ ಜೊತೆಗೊಂದು ಪುಸ್ತಕ ಬರುತ್ತದೆ. ನಾವು ಅದನ್ನು ಓದದೆ ಜೋಪಾನವಾಗಿ ಎತ್ತಿಡುತ್ತೇವೆ. ಕೌದಿಗೆ ಅಂಥ ಪುಸ್ತಕ ಬರಲೇ ಇಲ್ಲ. ನಮ್ಮ ಮನೆತನದಲ್ಲಿ ಕೌದಿ ಹೊಲಿಯುತ್ತಿದ್ದ ಹೆಂಗಸರಿಗೆ ಓದು ಬರುತ್ತಿರಲಿಲ್ಲ. ಓದು ಬಂದ ನಮಗೆ ಹೊಲಿಗೆ ಬರಲಿಲ್ಲ. ಈ ಎರಡೂ ಕೊರತೆಗಳನ್ನು ಒಂದೇ ಏಟಿಗೆ ನೀಗಿಸುವ ಸಲುವಾಗಿ ಪ್ರಸ್ತುತ ಕೈಪಿಡಿಯನ್ನು ಹೊರತರಲಾಗಿದೆ. ಬರೆದವಳ ಅರ್ಹತೆ: ಎರಡು ವರ್ಷದಲ್ಲಿ ಮುಕ್ಕಾಲು ಕೌದಿ.

1. ವಸ್ತುವಿನ ಪರಿಚಯ

ಹಳೆಯ ಅರಿವೆಗಳನ್ನು ಪದರಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಕೂಡಿಸಿ, ಈ ಅಂಚಿನಿಂದ ಆ ಅಂಚಿನವರೆಗೆ ಒತ್ತೊತ್ತಾಗಿ ಟಾಕಿ ಹೊಡೆದರೆ ಅದು ಕೌದಿ. ಹಾಸಿದರೆ ಹಾಸಿಗೆ, ಹೊದ್ದರೆ ಹೊದಿಕೆ, ಸುತ್ತಿಟ್ಟರೆ ಒರಗುದಿಂಬು. ನಮ್ಮ ಧಾರವಾಡದ ಕಡೆ ಇದರ ಹೆಸರು ಕೌದಿ. ಮೈಸೂರು ಕಡೆಯವರಾದ ನಮ್ಮ ಯಜಮಾನರಿಗೆ ಹೊದೆಯುವುದೆಲ್ಲ ರಗ್ಗು. ನಮ್ಮ ಅಪಾರ್ಟ್‌ಮೆಂಟಿನ ಗೆಳತಿಯರಿಗೆ ಇದು ಆರ್ಟ್ ಕ್ವಿಲ್ಟ್. ಮೂರೂ ಒಂದೇ ಎಂದು ವಾದಿಸಬೇಡಿ. ಆರ್ಟ್ ಕ್ವಿಲ್ಟಿಗೆ ಅಂಗಡಿಯಿಂದ ಹೊಸ ಬಟ್ಟೆ ತಂದು, ಅಳೆದು, ಚೂರುಚೂರು ಮಾಡಿ ಮತ್ತೆ ಕೂಡಿಸುತ್ತಾರೆ. ನಾನೂ ಹಾಗೆಯೇ ಶುರುಮಾಡಿದ್ದೆ. ಮೊದಲ ತುಂಡು ಕತ್ತರಿಸುವಾಗ ಊರಿನಿಂದ ಬಂದಿದ್ದ ಅವ್ವ ಬಾಗಿಲಲ್ಲೇ ನಿಂತು ಕೇಳಿದಳು: "ಯಾಕವಾ, ಹೊಸಾ ಅರಿವಿ ಕತ್ತರಸಾಕತ್ತಿ? ಹುಚ್ಚ ಹಿಡದೈತೇನ ನಿನಗ?"

ಅಂದು ಆ ಯೋಜನೆ ರದ್ದಾಯಿತು. ಈ ಕೈಪಿಡಿ ಅವ್ವನ ಆಕ್ಷೇಪಣೆಯ ನಂತರದ ಪರಿಷ್ಕೃತ ಆವೃತ್ತಿ.

2. ನೀವು ಅರ್ಹರೇ?

ಏಣಿ ಹಾಕಿ ಮನೆಯ ಅಟ್ಟ ನೋಡಿ. ಅಲ್ಲಿ ಅರ್ಧ ಹೆಣೆದ ವೈರ್ ಬ್ಯಾಗು, ಒಂದೇ ಗಿಣಿಗೆ ನಿಂತುಹೋದ ಮಣಿ ತೋರಣ, ಬಣ್ಣ ಬಳಿದ ಮೇಲೂ ಖಾಲಿ ಬಾಟಲಿಯಾಗಿಯೇ ಉಳಿದ ಬಾಟಲಿ, ಹಳೆಯ ಟಿವಿಯ ಅಳತೆಗೆ ಕ್ರೋಶಾ ಹಾಕಿ ಹೊಸ ಟಿವಿಗೆ ಕೂರದ ಕವರು ಇದ್ದರೆ ನೀವು ಅರ್ಹರು. ಇವನ್ನೆಲ್ಲ ಪೂರ್ತಿ ಮಾಡಿ ಷೋಕೇಸಿನಲ್ಲಿ ಇಟ್ಟಿರುವವರಿಗೆ ಈ ಪುಸ್ತಕದ ಅಗತ್ಯವಿಲ್ಲ, ಅವರ ಸಹವಾಸ ನಮಗೂ ಬೇಡ.

3. ಸಾಮಗ್ರಿ

ವಿಡಿಯೊ ನೋಡಿದರೆ ಉರುಳುವ ಕತ್ತರಿ, ಅದಕ್ಕೊಂದು ಮಣೆ, ಗೆರೆ ಹಾಕಿದ ಗಾಜಿನಂಥ ಸ್ಕೇಲು, ಒಳಗೆ ತುಂಬಲು ಹತ್ತಿಯ ಹಾಳೆ, ನೂರು ಗುಂಡುಸೂಜಿ ಎಂದು ಪಟ್ಟಿ ಬೆಳೆಯುತ್ತದೆ. ಅಜ್ಜಿಯ ಪಟ್ಟಿಯಲ್ಲಿ ಎರಡೇ ಇದ್ದವು: ಉದ್ದನೆಯ ಸೂಜಿ, ದಪ್ಪ ದಾರ. ಇನ್ನೊಂದು ನಾನು ಸೇರಿಸುತ್ತೇನೆ, ಬೆರಳಿಗೆ ಹಾಕುವ ಟೋಪಿ. ದರ್ಜಿಯನ್ನು ಕೇಳಿದರೆ ಅಂಗುಸ್ತಾನ ಎಂದು ಕೊಡುತ್ತಾನೆ. ಅಜ್ಜಿಗೆ ಅದು ಬೇಕಿರಲಿಲ್ಲ, ಅವಳ ಬೆರಳ ತುದಿಯೇ ಟೋಪಿಯಾಗಿತ್ತು.

ಇನ್ನು ಬಟ್ಟೆ. ಇಲ್ಲಿ ಗಮನವಿಟ್ಟು ಓದಿ.

ಪ್ರತಿ ಮನೆಯಲ್ಲೂ ಬಟ್ಟೆಗೊಂದು ಸೇವಾನಿಯಮಾವಳಿ ಇದೆ. ಹೊಸದಾಗಿ ಬಂದ ಸೀರೆ ಮೊದಲು ಮದುವೆ ಮುಂಜಿಗೆ ನೇಮಕವಾಗುತ್ತದೆ. ಮೂರ್ನಾಲ್ಕು ವರ್ಷಕ್ಕೆ ಪೇಟೆಗೆ ವರ್ಗ. ಆಮೇಲೆ ಮನೆಯೊಳಗೆ. ಸೆರಗು ಸವೆದ ಮೇಲೆ ದಿಂಬಿನ ಚೀಲ, ಅಲ್ಲಿಂದ ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆ, ಕೊನೆಗೆ ನೆಲ ಒರೆಸುವ ಹುದ್ದೆಯಲ್ಲಿ ನಿವೃತ್ತಿ. ಪ್ರತಿ ಮೆಟ್ಟಿಲೂ ಕೆಳಕ್ಕೇ. ಹಳೆಯ ಬಟ್ಟೆಗೆ ಬಡ್ತಿ ಸಿಗುವ ಜಾಗ ಇಡೀ ಮನೆಯಲ್ಲಿ ಒಂದೇ ಒಂದು, ಅದು ಕೌದಿ. ಬಚ್ಚಲಿಗೆ ಇಳಿಯಬೇಕಿದ್ದ ಸೀರೆ ಹಾಸಿಗೆಗೆ ಏರುತ್ತದೆ. ನಿಮ್ಮ ಕೆಲಸವೆಂದರೆ ಸೀರೆಯನ್ನು ಮಸಿಬಟ್ಟೆಯ ಆದೇಶ ಹೊರಡುವ ಮುನ್ನವೇ ತಡೆದು ಕಡತ ತಿರುಗಿಸುವುದು.

ಎದುರಾಳಿಗಳಿದ್ದಾರೆ. ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸು ಮೊದಲನೆಯವಳು. ಜರಿ ಸೀರೆ, ಪ್ಯಾಂಟುಗಳ ಗಂಟಿಗೆ ಒಂದು ಬುಟ್ಟಿ ಇಟ್ಟು ಚೌಕಾಸಿಗೆ ಕೂರುವ ಅವಳ ಎದುರು ಕಲೆ, ಪರಂಪರೆ ಎಂಬ ಮಾತು ನಡೆಯುವುದಿಲ್ಲ. ನಮ್ಮವ್ವನ ಎರಡು ಒಳ್ಳೆಯ ನೂಲಿನ ಸೀರೆಗಳು ಈಗ ಇಡ್ಲಿ ಪಾತ್ರೆಯಾಗಿವೆ. ಇಡ್ಲಿ ಚೆನ್ನಾಗಿಯೇ ಬರುತ್ತದೆ, ಅದೇ ಬೇಸರ.

ಎರಡನೆಯ ಎದುರಾಳಿ ಪಾಲಿಯೆಸ್ಟರ್. ಕೌದಿಗೆ ನೂಲಿನ ಬಟ್ಟೆಯೇ ಆಗಬೇಕು. ನೂಲು ಒಗೆದಷ್ಟೂ ಮೆತ್ತಗಾಗುತ್ತದೆ, ಬೆವರು ಹೀರುತ್ತದೆ, ಒಂದರ ಮೇಲೊಂದು ಹಾಸಿದರೆ ಹಾಸಿದಲ್ಲೇ ಕೂರುತ್ತದೆ. ಪಾಲಿಯೆಸ್ಟರ್ ಜಾರುತ್ತದೆ, ಸೆಖೆ ಹಿಡಿದಿಡುತ್ತದೆ, ಹತ್ತು ವರ್ಷವಾದರೂ ಅಂಗಡಿಯಿಂದ ಬಂದ ದಿನದಷ್ಟೇ ಬಿಗುಮಾನದಿಂದ ಇರುತ್ತದೆ. ನಾನು ಬೀರು ತೆಗೆದು ಎಣಿಸಿದೆ. ನಲವತ್ತು ಸೀರೆಯಲ್ಲಿ ನೂಲಿನವು ಮೂರು, ಮೂರೂ ಹೊಸವು.

ಹಾಗಾದರೆ ಈ ಕಾಲದ ಮನೆಯಲ್ಲಿ ದಿನಾ ಉಟ್ಟು, ದಿನಾ ಒಗೆದು, ಸವೆದು ಮೆತ್ತಗಾದ ಹತ್ತಿಬಟ್ಟೆ ಎಲ್ಲಿದೆ? ತಂತಿಯ ಮೇಲೆ ನೋಡಿ. ನೇತಾಡುತ್ತಿದೆ. ನೈಟಿ.

ನಗಬೇಡಿ. ಅಜ್ಜಿಯ ಇಳಕಲ್ ಸೀರೆಯ ಮೈ ಮಾಡಿದ ಕೆಲಸವನ್ನು ಇವತ್ತು ಮಾಡುತ್ತಿರುವುದು ನೈಟಿಯೇ. ಹಾಲು ಕಾಯಿಸುವಾಗ, ಮಗುವಿಗೆ ಜ್ವರ ಬಂದ ರಾತ್ರಿ, ಸೊಪ್ಪಿನವನ ಜೊತೆ ಜಗಳವಾಡುವಾಗ ಮೈಮೇಲಿದ್ದದ್ದು ಅದೇ. ದೊಡ್ಡ ದೊಡ್ಡ ಹೂವು, ಗಾಢ ಬಣ್ಣ, ಒಂದು ನೈಟಿ ಬಿಚ್ಚಿದರೆ ಸಾಕಷ್ಟು ದೊಡ್ಡ ತುಂಡೇ ಸಿಗುತ್ತದೆ. ಅದನ್ನು ನೇರವಾಗಿ ನೆಲ ಒರೆಸಲು ಕಳಿಸುವುದು ಅನ್ಯಾಯ.

4. ಅನುಮತಿ ಪತ್ರ

ಮನೆಯವರ ಒಪ್ಪಿಗೆಯಿಲ್ಲದೆ ಯಾವ ಬಟ್ಟೆಗೂ ಕತ್ತರಿ ಹಾಕಕೂಡದು. ಐದು ವರ್ಷದಿಂದ ಮುಟ್ಟದ ಅಂಗಿಯನ್ನು ನೀವು ಕೈಗೆತ್ತಿಕೊಂಡ ಕ್ಷಣವೇ ಅದರ ಒಡೆಯನಿಗೆ ಅದು ನೆನಪಾಗುತ್ತದೆ. "ಅದು ನನ್ನ ಲಕ್ಕಿ ಶರ್ಟು ಕಣೆ," ಎಂದರು ನಮ್ಮವರು, ಗುಂಡಿ ಹಾಕಲು ಹೊಟ್ಟೆ ಬಿಡದ ಅಂಗಿಯನ್ನು ಹಿಡಿದು. ಮಗಳು ತನ್ನ ಒಂದನೇ ಕ್ಲಾಸಿನ ಯೂನಿಫಾರ್ಮ್ ಕೊಡಲು ಒಪ್ಪಿದಳು, ಅದು ನಡುಮಧ್ಯೆ ಬರಬೇಕೆಂಬ ಷರತ್ತಿನ ಮೇಲೆ. ಅವ್ವ ಏನನ್ನೂ ಕೇಳಲಿಲ್ಲ. ಊರಿನಿಂದ ಒಂದು ಗಂಟು ಕಳಿಸಿದಳು. ಬಿಚ್ಚಿದರೆ ಅಪ್ಪನ ಎರಡು ಧೋತರ, ನೀಲಿ ಹಾಕಿ ಒಗೆದು ಮಡಿಚಿದ್ದು. ಅಪ್ಪ ಹೋಗಿ ಆರು ವರ್ಷವಾಗಿತ್ತು.

ಈ ಸಾಮಗ್ರಿ ಕೈಗೆ ಬಂದವರು ಎರಡು ದಿನ ಕೆಲಸ ನಿಲ್ಲಿಸುವುದು ರೂಢಿ.

5. ವಿಧಾನ

ಹಂತ ಒಂದು. ಕೆಳಹಾಸು ಆರಿಸಿ. ಐದೂವರೆ ಮೀಟರಿನ ಸೀರೆಯನ್ನು ನಡುವೆ ಕತ್ತರಿಸಿ ಅಕ್ಕಪಕ್ಕ ಕೂಡಿಸಿದರೆ ಇಬ್ಬರಿಗೆ ಸಾಲುವಷ್ಟು ಹಾಸು ಸಿಗುತ್ತದೆ. ಮೊದಲ ಸಲ ಎಳೆಗೂಸಿನ ಅಳತೆಗೆ ಹೊಲಿಯಬೇಕೆಂದು ಹಿರಿಯರು ಹೇಳುತ್ತಾರೆ. ನಾವು ಯಾರೂ ಕೇಳುವುದಿಲ್ಲ.

ಹಂತ ಎರಡು. ಒಂದು ಲೆಕ್ಕ ಮಾಡಿ. ಒಬ್ಬರು ಹೊದೆಯುವ ಕೌದಿ 2 ಮೀಟರ್ ಉದ್ದ, ಒಂದೂಕಾಲು ಮೀಟರ್ ಅಗಲ ಎನ್ನಿ. ಒಂದು ಇಂಚಿಗೊಂದು ಸಾಲು ಹೊಲಿದರೆ 50 ಸಾಲು, ಅಂದರೆ 100 ಮೀಟರ್ ಹೊಲಿಗೆ. ಸೆಂಟಿಮೀಟರಿಗೆ ಒಂದು ಟಾಕಿಯಂತೆ ಹತ್ತು ಸಾವಿರ ಟಾಕಿ. ಈ ಲೆಕ್ಕವನ್ನು ಮರೆತುಬಿಡಿ. ನೆನಪಿಟ್ಟುಕೊಂಡು ಕೌದಿ ಮುಗಿಸಿದವರಿಲ್ಲ.

ಹಂತ ಮೂರು. ನೆಲದ ಮೇಲೆ ಹಾಸಿ, ಸುಕ್ಕು ತೆಗೆದು, ಪದರ ಹೊಂದಿಸಿ. ಈ ಹೊತ್ತಿಗೆ ಸರಿಯಾಗಿ ಗ್ಯಾಸ್ ಸಿಲಿಂಡರ್ ಬರುತ್ತದೆ. ಅದನ್ನು ಕೌದಿಯ ಮೇಲಿಂದಲೇ ಉರುಳಿಸಿಕೊಂಡು ಹೋಗಲು ಬಿಡಿ, ಪದರ ಚೆನ್ನಾಗಿ ಕೂರುತ್ತದೆ.

ಹಂತ ನಾಲ್ಕು. ಎಲ್ಲಿಂದ ಶುರು? ಇದನ್ನು ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಹೆಂಗಸರನ್ನು ಕೇಳಬೇಕು. ಆಫ್ರಿಕಾದಿಂದ ಬಂದವರ ಸಂತತಿಯಾದ ಸಿದ್ದಿಯರು ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆ ಇದ್ದಾರೆ. ಅವರ ಕೌದಿಗಳನ್ನು ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅಭ್ಯಾಸ ಮಾಡಿ, ಸಮುದ್ರದಾಚೆ ಪ್ರದರ್ಶನಕ್ಕೂ ಒಯ್ದರು. ಈ ಹೆಂಗಸರು ನಕ್ಷೆ ಬರೆಯುವುದಿಲ್ಲ. ಒಂದು ಮೂಲೆಯಲ್ಲಿ ಸೂಜಿ ಇಟ್ಟು, ಅಂಚಿನಗುಂಟ ಸುತ್ತು ಬರುತ್ತ, ಕೈಗೆ ಸಿಕ್ಕ ತುಂಡು ಸೇರಿಸುತ್ತ ಒಳಕ್ಕೆ ಸಾಗುತ್ತಾರೆ. ನಡುವಿಗೆ ತಲುಪಿದಾಗ ಕೌದಿ ಮುಗಿದಿರುತ್ತದೆ. ನಾಲ್ಕು ಮೂಲೆಗೆ ಬಣ್ಣದ ತುಂಡುಗಳನ್ನು ಮಡಿಚಿ ಪದರವಾಗಿ ಕೂರಿಸುತ್ತಾರೆ, ಅದಕ್ಕೆ ಫೂಲ ಎಂದು ಹೆಸರು. ಆ ಹೂವಿಲ್ಲದ ಕೌದಿ ಬತ್ತಲೆ ಇದ್ದಂತೆ ಎನ್ನುತ್ತಾರೆ. ಇಂಚುಪಟ್ಟಿ ಹಿಡಿದು ಮೂರು ತಿಂಗಳು ನಕ್ಷೆ ಬರೆದವಳು ನಾನು. ಇದನ್ನು ತಿಳಿದ ದಿನ ನಕ್ಷೆಯ ಹಾಳೆಯಲ್ಲಿ ಮಗಳು ದೋಣಿ ಮಾಡಿದಳು.

ಹಂತ ಐದು. ಒಬ್ಬರೇ ಹೊಲಿಯಬೇಡಿ. ಅಜ್ಜಿಯ ಕಾಲದಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಪಡಸಾಲೆಯಲ್ಲಿ ಕೌದಿ ಹಾಸಿದರೆ ನಾಲ್ಕು ಕಡೆಯಿಂದ ನಾಲ್ಕು ಜನ ಕೂತುಬಿಡುತ್ತಿದ್ದರು. ಊರಿನ ಸಮಸ್ತ ವಿಚಾರಣೆಯೂ ಅಲ್ಲೇ. ಯಾವ ಹೊಲಿಗೆ ಯಾರದೆಂದು ಗುರುತಿಸಬಹುದಿತ್ತು. ಸುದ್ದಿ ಬಿಸಿಯಿದ್ದಾಗ ಟಾಕಿ ಉದ್ದ, ತಣ್ಣಗಿದ್ದಾಗ ಗಿಡ್ಡ. ಪುರುಸೊತ್ತಿಲ್ಲದ ಮನೆಗಳಿಗೆ ಗೊಂದಲಿಗರ ಹೆಂಗಸರು ಬಂದು ಕೂಲಿಗೆ ಹೊಲಿದುಕೊಡುತ್ತಿದ್ದರು. ಅಪಾರ್ಟ್‌ಮೆಂಟಿನಲ್ಲಿ ಇದಕ್ಕಾಗಿ ವಾಟ್ಸಾಪ್ ಗುಂಪು ಮಾಡಿದೆ. ನಲವತ್ತು ಜನ ಸೇರಿದರು, ಮೂವತ್ತೆಂಟು ಜನ ಹೆಬ್ಬೆರಳು ತೋರಿಸಿದರು, ಇಬ್ಬರು ಬಂದರು. ಅವರಲ್ಲೊಬ್ಬರು ಸೂಜಿಗೆ ದಾರ ಪೋಣಿಸಿಕೊಟ್ಟು ಹೋದರು. ಆ ಸಹಾಯ ಚಿಕ್ಕದಲ್ಲ, ನನಗೆ ಚಾಳೀಸು ಬಂದಿದೆ.

ಹಂತ ಆರು. ಕೊನೆಯ ಮೂಲೆ ಮುಚ್ಚುವ ಮುನ್ನ ಒಳಗೆ ಒಂದು ಚೂರು ರೊಟ್ಟಿ ಇಡುವುದು ನಮ್ಮ ಅಜ್ಜಿಯ ಪದ್ಧತಿ. ಕೌದಿಯ ಹೊಟ್ಟೆ ಖಾಲಿ ಇರಬಾರದಂತೆ. ಇರುವೆಗಳ ಬಗ್ಗೆ ಅವಳು ಏನೂ ಹೇಳಿರಲಿಲ್ಲ.

6. ತೊಂದರೆ ಮತ್ತು ಪರಿಹಾರ

ನಡುವೆ ಉಬ್ಬು ಬಂದಿದೆ: ನಾಲ್ಕೂ ಕಡೆಯಿಂದ ಬಟ್ಟೆಯನ್ನು ಒಳಕ್ಕೆ ತಳ್ಳಿಕೊಂಡು ಬಂದಿದ್ದೀರಿ. ಉಬ್ಬಿನ ಮೇಲೊಂದು ನೆರಿಗೆ ಹಾಕಿ, ನೆರಿಗೆಯ ಮೇಲೊಂದು ಹೂವು ಹಾಕಿ. ಯಾರಾದರೂ ಕೇಳಿದರೆ ವಿನ್ಯಾಸ ಎನ್ನಿ.

ಸಾಲು ಸೊಟ್ಟ: ಅದಕ್ಕೆ ಕೈಹೊಲಿಗೆ ಎನ್ನುವುದು.

ಸೂಜಿ ಕಾಣೆಯಾಗಿದೆ: ಕೌದಿಯ ಮೇಲೆ ಯಾರನ್ನೂ ಕೂರಿಸಬೇಡಿ. ಅತ್ತೆಯವರನ್ನಂತೂ ಖಂಡಿತ ಬೇಡ.

ಆರು ತಿಂಗಳಿನಿಂದ ಮುಟ್ಟಿಲ್ಲ: ಇದು ದೋಷವಲ್ಲ, ಹಂತ. ಮಗು ಹುಟ್ಟುವ ಸುದ್ದಿ ಬಂದರೆ ಅಥವಾ ಚಳಿಗಾಲ ಬಂದರೆ ಕೈ ತಾನಾಗಿ ಹೋಗುತ್ತದೆ.

7. ಗೋಡೆಗೆ ಹಾಕಬಹುದೇ?

ಹಾಕಬಹುದು, ಪೂರ್ವನಿದರ್ಶನವಿದೆ. 1971ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಅಮೆರಿಕದ ಮನೆಮನೆಯ ಕ್ವಿಲ್ಟುಗಳನ್ನು ಚಿತ್ರಗಳಂತೆ ಗೋಡೆಗೆ ಏರಿಸಿತು. ಅಲಬಾಮಾದ ಗೀಸ್ ಬೆಂಡ್ ಎಂಬ ಊರಿನ ಕಪ್ಪುಜನರ ಹೆಂಗಸರು ಹೊಲಿದವು 2002ರಲ್ಲಿ ಅಲ್ಲಿಗೇ ಬಂದವು, 2006ರಲ್ಲಿ ಅಂಚೆಚೀಟಿಗಳೂ ಆದವು. ಆ ಊರಿನ ಮಿಸೌರಿ ಪೆಟ್‌ವೇ 1942ರಲ್ಲಿ ಒಂದು ಕ್ವಿಲ್ಟು ಹೊಲಿದಳು. ಬಟ್ಟೆ ಯಾವುದು? ತೀರಿಕೊಂಡ ಗಂಡ ಹೊಲದಲ್ಲಿ ದುಡಿಯುವಾಗ ತೊಡುತ್ತಿದ್ದದ್ದು. ಅವಳು ಹೊಲಿದದ್ದು ಗೋಡೆಗಲ್ಲ, ಹೊದೆಯುವುದಕ್ಕೆ. ಅದನ್ನು ಓದಿದ ಸಂಜೆ ಅಪ್ಪನ ಧೋತರ ಹೊರತೆಗೆದೆ. ಕತ್ತರಿಸಲಿಲ್ಲ. ಎರಡನ್ನೂ ಇಡಿಯಾಗಿ ಒಳಪದರಕ್ಕೆ ಹಾಸಿದೆ. ಹೊರಗೆ ಕಾಣುವುದಿಲ್ಲ. ಮುಟ್ಟಿದರೆ ಗೊತ್ತಾಗುತ್ತದೆ.

8. ಒಗೆಯುವುದು ಮತ್ತು ವಾರಂಟಿ

ನಮ್ಮ ಕಡೆ ಮಹಾನವಮಿಗೆ ಮುಂಚೆ ಮನೆಯ ಹಾಸಿಗೆ ಹೊದಿಕೆಯೆಲ್ಲ ಹಳ್ಳಕ್ಕೆ ಹೋಗುತ್ತವೆ. ನೆನೆದ ಕೌದಿಯನ್ನು ಹಿಂಡಲು ಇಬ್ಬರು ಬೇಕು, ಆ ಇಬ್ಬರೂ ಅಂದು ಜಗಳವಾಡಿರಬಾರದು. ವಾಷಿಂಗ್ ಮಷೀನಿಗೆ ಹಾಕಿದರೆ ಮಷೀನು ಬಚ್ಚಲಿನಿಂದ ಎದ್ದು ಹಾಲಿಗೆ ಬರುತ್ತದೆ, ನಾನು ಕಣ್ಣಾರೆ ಕಂಡಿದ್ದೇನೆ. ಗಟ್ಟಿ ಬಿಸಿಲಿನಲ್ಲಿ ಒಣಗಿಸಿ, ನಡುನಡುವೆ ಮಗುಚಿ.

ವಾರಂಟಿ ಇಲ್ಲ. ಬೇಕಾಗಿಯೂ ಇಲ್ಲ. ಹರಿದ ಕಡೆ ಮೇಲೊಂದು ತೇಪೆ ಹಾಕಿ. ಹರಿದಷ್ಟೂ ದಪ್ಪವಾಗುವ ವಸ್ತು ನಮ್ಮ ಮನೆಯಲ್ಲಿ ಇದೊಂದೇ.

ನನ್ನ ಕೌದಿಯಲ್ಲಿ ಇನ್ನೂ ಕಾಲು ಭಾಗ ಬಾಕಿ ಇದೆ. ಕಳೆದ ತಿಂಗಳು ಬಂದ ಅವ್ವ ಕನ್ನಡಕ ಏರಿಸಿ, ತಿರುವಿ ನೋಡಿ, ಹಸಿರು ಹೂವಿನ ನೈಟಿ ತುಂಡಿನ ಮೇಲೆ ಬೆರಳಿಟ್ಟು, "ಇದ ಛಲೋ ಐತಿ," ಎಂದಳು. ಉಳಿದದ್ದರ ಬಗ್ಗೆ ಏನೂ ಅನ್ನಲಿಲ್ಲ. ರಾತ್ರಿ ಅದನ್ನೇ ಹೊದ್ದು ಮಲಗಿದಳು, ಮುಗಿಯದ ಕಡೆಯನ್ನು ಕಾಲಿಗೆ ಮಾಡಿಕೊಂಡು.

ಓದುಗರಲ್ಲಿ ಒಂದೇ ಕೋರಿಕೆ. ನಾಳೆ ಬೆಳಿಗ್ಗೆ ನೆಲ ಒರೆಸಲು ಹೊರಡಲಿರುವ ಹಳೆಯ ನೈಟಿ ನಿಮ್ಮ ಮನೆಯಲ್ಲೂ ಒಂದಿದ್ದೀತು. ಹರಿಯುವ ಮುನ್ನ ಒಮ್ಮೆ ಮುಟ್ಟಿ ನೋಡಿ. ಮೆತ್ತಗಿದ್ದರೆ ಎತ್ತಿಡಿ.