ಪಾಲಾರ್ ಘಾಟಿಯೂ ಬಾಗುಬೆಲ್ಟೂ: ಪೂರ್ವಪಕ್ಷ ಸಹಿತವಾದ ಒಂದು ಕಿರು ಮಹಾಪ್ರಬಂಧ

ಪ್ರಸ್ತಾವನೆ

ಕೊಳ್ಳೇಗಾಲದಿಂದ ಹನೂರು, ಕೌದಳ್ಳಿ, ತಾಳುಬೆಟ್ಟ ದಾಟಿ ಮಾದಪ್ಪನ ಬೆಟ್ಟ ಹತ್ತಿ, ಆ ಕಡೆ ಇಳಿದು ಪಾಲಾರ್ ಸೇರುವ ರಸ್ತೆಯನ್ನು ಭಕ್ತರು ಹಾಡಿದ್ದಾರೆ, ಡ್ರೈವರುಗಳು ಬೈದಿದ್ದಾರೆ, ಕಿಟಕಿ ಪಕ್ಕ ಕೂತವರು ತಮಗೆ ತೋಚಿದಂತೆ ಅಭಿಷೇಕ ಮಾಡಿದ್ದಾರೆ. ಆದರೆ ದೊಡ್ಡ ಕಾರ್ಖಾನೆಗಳಲ್ಲಿ ಅದಿರು, ಕಲ್ಲಿದ್ದಲು, ಸುಣ್ಣಕಲ್ಲು ಸಾಗಿಸುವ ಬಾಗುಬೆಲ್ಟ್ ಕನ್ವೇಯರಿನ ದೃಷ್ಟಿಯಿಂದ ಅದನ್ನು ಪರಿಶೀಲಿಸಿದವರಿಲ್ಲ. ಯಾರಿಗೂ ಅದರ ಅಗತ್ಯ ಬಿದ್ದಿರಲಿಲ್ಲ ಎಂಬುದೇ ಕಾರಣ. ಅಗತ್ಯವಿಲ್ಲದಿರುವುದೇ ಸಂಶೋಧನೆಗೆ ಮೊದಲ ಅರ್ಹತೆಯೆಂಬುದು ವಿದ್ವತ್ ಲೋಕ ಆಚರಣೆಯಿಂದಲೇ ಒಪ್ಪಿಕೊಂಡಿರುವ ಮಾತಾದ್ದರಿಂದ, ಈ ಪ್ರಬಂಧ ಹುಟ್ಟಿದೆ.

ಲಕ್ಷಣ ನಿರೂಪಣೆ

ಎರಡು ಡ್ರಮ್ಮುಗಳ ನಡುವೆ ಸುತ್ತುವ ರಬ್ಬರ್ ಪಟ್ಟಿ, ಅದನ್ನು ಇಕ್ಕೆಲದಿಂದ ಎತ್ತಿ ದೊನ್ನೆ ಮಾಡಿ ಹೊರುವ ರೋಲರುಗಳು, ಸಡಿಲಾಗದಂತೆ ಜಗ್ಗುವ ತೂಕದ ಪೆಟ್ಟಿಗೆ, ತಿರುಗಿಸುವ ಮೋಟಾರು: ಇಷ್ಟು ಸೇರಿದರೆ ಬೆಲ್ಟು. ಸಾಮಾನ್ಯ ಜನ ಇದನ್ನು ಜಲ್ಲಿ ಕ್ರಷರಿನಲ್ಲಿ ಕಂಡಿರುತ್ತಾರೆ. ನೇರವಾಗಿ ಮೇಲೇರಿ, ತುದಿಯಿಂದ ಎಂ-ಸ್ಯಾಂಡ್ ಉದುರಿಸಿ, ಕೆಳಗೆ ಚೂಪಾದ ಗುಡ್ಡೆ ಕಟ್ಟುತ್ತದೆ. ನೇರ ಬೆಲ್ಟಿನ ತತ್ವಜ್ಞಾನ ಇಷ್ಟೇ: ಹುಟ್ಟಿದ್ದು ಹೋಗಬೇಕು, ಹೋದದ್ದು ಬೀಳಬೇಕು.

ತೊಂದರೆ ಶುರುವಾಗುವುದು ದಿಕ್ಕು ಬದಲಿಸಬೇಕಾದಾಗ. ಹಳೆಯ ಸಂಪ್ರದಾಯದಲ್ಲಿ ಒಂದು ಬೆಲ್ಟು ತನ್ನ ಹೊರೆಯನ್ನು ಇನ್ನೊಂದರ ತಲೆಯ ಮೇಲೆ ಸುರಿಯುತ್ತದೆ. ಆ ಜಾಗಕ್ಕೆ ಕಾರ್ಖಾನೆಯವರು ಟ್ರಾನ್ಸ್‌ಫರ್ ಪಾಯಿಂಟ್ ಎನ್ನುತ್ತಾರೆ. ಅಲ್ಲಿ ಧೂಳೇಳುತ್ತದೆ, ಮಾಲು ಚೆಲ್ಲುತ್ತದೆ, ತಗಡು ಸವೆಯುತ್ತದೆ, ಇನ್ನೊಂದು ಮೋಟಾರು ಬೇಕಾಗುತ್ತದೆ. ಚೆಲ್ಲಿದ್ದನ್ನು ಮತ್ತೆ ಬೆಲ್ಟಿಗೆ ಎತ್ತಿಹಾಕಲು ಸನಿಕೆ, ಬಾಂಡ್ಲಿ ಸಮೇತ ಒಬ್ಬ ಆಳು ಬೇಕು. ಆ ಆಳಿಗೆ ಮುಖಕ್ಕೆ ಕಟ್ಟಿಕೊಳ್ಳಲು ಒಂದು ಟವೆಲ್ಲು ಬೇಕು. ಇಷ್ಟನ್ನೂ ಉಳಿಸಲೆಂದು ಒಂದೇ ಬೆಲ್ಟನ್ನು ಬಾಗಿಸಿ ಕರೆದೊಯ್ಯುವ ವಿದ್ಯೆಯೇ ಬಾಗುಬೆಲ್ಟು.

ಪೂರ್ವಪಕ್ಷ

ಈ ಹಂತದಲ್ಲಿ ಬೆಟ್ಟದ ಬಸ್ಸಿನ ಕಂಡಕ್ಟರೊಬ್ಬರು ಎತ್ತಿದ ಆಕ್ಷೇಪವನ್ನು ದಾಖಲಿಸುವುದು ಪ್ರಬಂಧಕಾರನ ಧರ್ಮ. "ಅಲ್ಲ ಕನ ಸಾ, ತಿರುವ್ನಲ್ಲಿ ಎಲ್ಲ ಆಚಗ ಎಸಿತದ. ಅದ್ಕೇ ರೋಡ್ನ ಆಚೆ ಅಂಚ ಎತ್ತರ ಮಾಡಿರದು. ನಿಮ್ ಬೆಲ್ಟ್ಗೂ ಅಂಗೇ ಮಾಡಿ, ಮುಗೀತು." ಇಷ್ಟು ಹೇಳಿ ಅವರು ಚಿಲ್ಲರೆ ಕೊಡದೆ ಮುಂದೆ ಹೋದರು.

ಈ ವಾದ ಕೇಳಲು ಸೊಗಸಾಗಿದೆ, ಬಸ್ಸಿನ ಮಟ್ಟಿಗೆ ಸರಿಯೂ ಇದೆ. ಬಸ್ಸು ತನ್ನ ವೇಗದಿಂದ ಹೋಗುತ್ತದೆ. ತಿರುವು ಬಂದರೂ ನೇರಕ್ಕೇ ಹೋಗಬೇಕೆಂಬ ಹಟ ಅದಕ್ಕೆ. ಆದ್ದರಿಂದ ಹೊರಕ್ಕೆ ವಾಲುತ್ತದೆ.

ಸಿದ್ಧಾಂತ

ಬೆಲ್ಟಿನ ಪಾಡು ಬೇರೆ. ಅದನ್ನು ಎರಡು ತುದಿಯಿಂದಲೂ ಜಗ್ಗಿ ಕಟ್ಟಿದೆ. ಜಗ್ಗಿದ ಪಟ್ಟಿಗೆ ಹತ್ತಿರದ ದಾರಿಯೇ ಆಸೆ. ತಿರುವಿನಲ್ಲಿ ಹತ್ತಿರದ ದಾರಿ ಇರುವುದು ಒಳಗಡೆ. ಹೀಗಾಗಿ ಬಾಗುಬೆಲ್ಟು ಸದಾ ಒಳಕ್ಕೇ ಜಾರಲು ನೋಡುತ್ತದೆ. ಇದನ್ನು ತಡೆಯಲು ಇಂಜಿನಿಯರುಗಳು ರಸ್ತೆಗೆ ತದ್ವಿರುದ್ಧ ಕೆಲಸ ಮಾಡುತ್ತಾರೆ: ತಿರುವಿನ ಒಳ ಅಂಚಿನ ರೋಲರುಗಳನ್ನು ಕೆಲವು ಡಿಗ್ರಿ ಎತ್ತರಿಸುತ್ತಾರೆ. ಆಗ ಹೊರೆಯ ತೂಕವೇ ಬೆಲ್ಟನ್ನು ಹೊರಕ್ಕೆ ಒರಗಿಸಿ, ಒಳಸೆಳೆತಕ್ಕೆ ಉತ್ತರ ಕೊಡುತ್ತದೆ.

ಇದರಿಂದ ಫಲಿಸುವ ಸೂತ್ರ: ತನ್ನ ವೇಗದಿಂದ ಹೋಗುವವನು ಹೊರಕ್ಕೆ ಬೀಳುತ್ತಾನೆ, ಎರಡೂ ಕಡೆಯಿಂದ ಜಗ್ಗಿಸಿಕೊಳ್ಳುವವನು ಒಳಕ್ಕೆ ಬೀಳುತ್ತಾನೆ. ಮೊದಲನೆಯದಕ್ಕೆ ಘಾಟಿಯ ಟೆಂಪೋ ನಿದರ್ಶನ. ಎರಡನೆಯದಕ್ಕೆ ಅತ್ತ ಗುತ್ತಿಗೆದಾರ, ಇತ್ತ ಮೇಲಧಿಕಾರಿ ಹಿಡಿದೆಳೆಯುವ ಕಿರಿಯ ಇಂಜಿನಿಯರ್ ನಿದರ್ಶನ.

ಉಪಸೂತ್ರವೂ ಇದೆ. ಸ್ವಿಚ್ ಹಾಕಿದ ಗಳಿಗೆಯಲ್ಲಿ ಎಳೆತ ಏರುವುದರಿಂದ ಬೆಲ್ಟು ಒಳಕ್ಕೆ ಸರಿಯುತ್ತದೆ. ಮೇಲೆ ಹೊರೆಯೂ ಇಲ್ಲದಿದ್ದರೆ ಇನ್ನಷ್ಟು. ಮೈತುಂಬ ಮಾಲು ಹೊತ್ತು ಸಮನಾಗಿ ಓಡುವಾಗ ಹೊರಕ್ಕೆ ಬರುತ್ತದೆ. ಆದ್ದರಿಂದ ತಿರುವಿನಲ್ಲಿ ಅದಕ್ಕೆ ಅತ್ತಿತ್ತ ಓಡಾಡಲು ಒಂದಿಷ್ಟು ಜಾಗ ಬಿಟ್ಟಿರುತ್ತಾರೆ. ಹೊರೆಯಿಲ್ಲದಾಗ ದಾರಿ ತಪ್ಪುವುದು, ಹೊರೆ ಬಿದ್ದ ಮೇಲೆ ನೆಟ್ಟಗಾಗುವುದು: ಮದುವೆ ವಯಸ್ಸಿನ ಗಂಡುಮಕ್ಕಳ ಬಗ್ಗೆ ಹನೂರಿನ ಹಿರಿಯರು ಇದನ್ನೇ ಹೇಳುತ್ತಾರೆ, ಅವರು ಯಾಂತ್ರಿಕ ಶಾಸ್ತ್ರ ಓದಿದವರಲ್ಲ.

ತ್ರಿಜ್ಯ ವಿಚಾರ

ಹಾಗಾದರೆ ಘಾಟಿಯ ತಿರುವುಗಳಲ್ಲಿ ಬೆಲ್ಟು ಹಾಕಬಹುದೆ? ಇಲ್ಲ. ದೊನ್ನೆಯಾಕಾರದ ಬೆಲ್ಟಿಗೆ ನೂರಾರು ಮೀಟರಿನಿಂದ ಒಂದೆರಡು ಕಿಲೋಮೀಟರಿನವರೆಗಿನ ತ್ರಿಜ್ಯ ಬೇಕು. ನಮ್ಮ ಹೇರ್‌ಪಿನ್ ತಿರುವಿನ ತ್ರಿಜ್ಯವೋ, ಡ್ರೈವರು ಸ್ಟೇರಿಂಗ್ ಪೂರ್ತಿ ಒಡೆದು "ಉಘೇ ಮಾದಪ್ಪ" ಎನ್ನುವಷ್ಟು. ಬೆಲ್ಟಿಗೆ ಉಘೇ ಎನ್ನಲು ಬರುವುದಿಲ್ಲ.

ಇದಕ್ಕೊಂದು ಪರಿಹಾರ ನಮ್ಮ ರಾಜ್ಯದಲ್ಲೇ ಇದೆ. ಸಂಡೂರಿನ ನಂದಿಹಳ್ಳಿಯಿಂದ ತೋರಣಗಲ್ಲಿನ ಜೆಎಸ್‌ಡಬ್ಲ್ಯು ಉಕ್ಕಿನ ಕಾರ್ಖಾನೆಗೆ ಸುಮಾರು 24 ಕಿ.ಮೀ. ಉದ್ದದ ಪೈಪ್ ಕನ್ವೇಯರ್ ಅದಿರು ಒಯ್ಯುತ್ತದೆ. ಅದಿರು ಬಿದ್ದ ಕೂಡಲೇ ಬೆಲ್ಟು ಚಾಪೆ ಸುತ್ತಿದಂತೆ ಸುತ್ತಿಕೊಳ್ಳುತ್ತದೆ; ಆರು ರೋಲರುಗಳು ಸುತ್ತಲೂ ಹಿಡಿದುಕೊಂಡು ಬಿಚ್ಚದಂತೆ ಕಾಯುತ್ತವೆ; ಇಳಿಸುವ ಜಾಗದಲ್ಲಿ ಮತ್ತೆ ಹರಡಿಕೊಳ್ಳುತ್ತದೆ. ಧೂಳಿಲ್ಲ, ಚೆಲ್ಲುವುದಿಲ್ಲ, ದೊನ್ನೆಬೆಲ್ಟಿಗಿಂತ ಚುರುಕಾಗಿ ಬಾಗುತ್ತದೆ. ಆದರೂ ನಾರಿನ ಬೆಲ್ಟಾದರೆ ಪೈಪಿನ ವ್ಯಾಸದ ಸುಮಾರು 300 ಪಟ್ಟು, ಉಕ್ಕಿನ ಹುರಿಯದಾದರೆ ಸುಮಾರು 600 ಪಟ್ಟು ತ್ರಿಜ್ಯ ಬೇಕೇ ಬೇಕು. ಅಲ್ಲಿಗೆ ಹೇರ್‌ಪಿನ್ನು ಮತ್ತೆ ಅನುತ್ತೀರ್ಣ.

ಕುದುರೆಮುಖದವರು ಬೆಲ್ಟಿನ ಸಹವಾಸವೇ ಬೇಡವೆಂದು ಅದಿರಿನ ಪುಡಿಯನ್ನು ನೀರಲ್ಲಿ ಕಲಸಿ, ಸುಮಾರು 67 ಕಿ.ಮೀ. ಕೊಳವೆಯಲ್ಲಿ ಪಣಂಬೂರಿಗೆ ಇಳಿಸುತ್ತಿದ್ದರು. 2005ರ ಕೊನೆಗೆ ಗಣಿಗಾರಿಕೆಯೇ ನಿಂತಿತು. ಕೊಳವೆಯದು ಅಂಬಲಿ ಪಂಥ. ಬೆಲ್ಟು ಮುದ್ದೆ ಪಂಥ. ಈ ಪ್ರಬಂಧ ಎರಡನೆಯದಕ್ಕೆ ಸೇರಿದ್ದು.

ಇಳಿಜಾರು ಪ್ರಕರಣ

ಬೆಟ್ಟದಿಂದ ಪಾಲಾರಿಗೆ ಇಳಿಯುವಾಗ ಇನ್ನೊಂದು ಸತ್ಯ ಮೂಗಿಗೆ ಬಡಿಯುತ್ತದೆ: ಬ್ರೇಕ್ ಲೈನರ್ ಕಮಟು. ಹತ್ತುವಾಗ ಡೀಸೆಲ್ ಸುಟ್ಟು ಸಂಪಾದಿಸಿದ ಎತ್ತರವನ್ನು ಇಳಿಯುವಾಗ ಬ್ರೇಕಿನಲ್ಲಿ ಸುಟ್ಟು ಮುಗಿಸುತ್ತೇವೆ. ಇಳಿಬೆಲ್ಟು ಹಾಗಲ್ಲ. ಮೇಲಿಂದ ಭಾರ ಇಳಿಯುವಾಗ ಬೆಲ್ಟು ತಾನೇ ಮೋಟಾರನ್ನು ತಿರುಗಿಸಿ ಕರೆಂಟು ಹುಟ್ಟಿಸಬಲ್ಲದು. ಈ ಲೆಕ್ಕದಲ್ಲಿ, ದರ್ಶನ ಮುಗಿಸಿ ಲಾಡು ಚೀಲ ಸಮೇತ ಇಳಿಯುವ ಭಕ್ತರನ್ನು ಬೆಲ್ಟಿನ ಮೇಲೆ ಕೂರಿಸಿದರೆ ಬೆಟ್ಟದ ದೀಪಗಳು ಉರಿಯುತ್ತವೆ. ಆದರೆ ಅವರನ್ನು ಮೊದಲು ಮೇಲೆ ಹತ್ತಿಸಿದ ಕರೆಂಟು ಯಾರ ಖಾತೆಗೆ ಎಂಬ ಪ್ರಶ್ನೆಯನ್ನು ಲೆಕ್ಕಪರಿಶೋಧಕರು ಎತ್ತಬಹುದಾದ್ದರಿಂದ, ಈ ಪ್ರಕರಣವನ್ನು ಇಲ್ಲಿಗೇ ಮುಗಿಸಲಾಗಿದೆ.

ಗಡಿ ಪ್ರಕರಣ

ಪ್ರಬಂಧದ ಜೀವಾಳ ಇಲ್ಲಿದೆ. ಪಾಲಾರ್ ಹೊಳೆ ಕಾವೇರಿಗೆ ಸೇರುವ ಆ ಮೂಲೆಯಲ್ಲಿ ಕರ್ನಾಟಕ ಮುಗಿದು ತಮಿಳುನಾಡು ಶುರು. ಮುಂದೆ ಕೊಳತ್ತೂರು, ಮೆಟ್ಟೂರು. 1956ಕ್ಕೆ ಮುಂಚೆ ಕೊಳ್ಳೇಗಾಲವೇ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿದ್ದುದರಿಂದ ಇಲ್ಲಿ ಹೊರೆ ಕೈ ಬದಲಿಸುವ ಪ್ರಮೇಯವೇ ಇರಲಿಲ್ಲ. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಬೆಲ್ಟನ್ನು ಕತ್ತರಿಸಿ ಟ್ರಾನ್ಸ್‌ಫರ್ ಪಾಯಿಂಟ್ ಇಟ್ಟರು. 2017ರಲ್ಲಿ ಜಿಎಸ್‌ಟಿ ಬಂದು ದೇಶದೆಲ್ಲೆಡೆ ಮಾರಾಟ ತೆರಿಗೆಯ ಗೇಟುಗಳು ಎದ್ದುಹೋದರೂ, ಪೊಲೀಸರ ಮತ್ತು ಅರಣ್ಯದವರ ಗೇಟು ಇದ್ದೇ ಇದೆ.

ಜಗತ್ತು ಇದಕ್ಕೆ ಬೇರೆ ದಾರಿ ಕಂಡುಕೊಂಡಿದೆ. ಮೇಘಾಲಯದ ಸುಣ್ಣಕಲ್ಲು ಲಾಫಾರ್ಜ್ ಸುರ್ಮಾ ಕಾರ್ಖಾನೆಗಾಗಿ ಕಟ್ಟಿದ ಸುಮಾರು 17 ಕಿ.ಮೀ. ಬೆಲ್ಟಿನ ಮೇಲೆ ಕೂತು ದೇಶದ ಗಡಿ ದಾಟಿ ಬಾಂಗ್ಲಾದೇಶದ ಛಾತಕ್ ಸೇರುತ್ತದೆ. ಕಲ್ಲಿಗೆ ಪಾಸ್‌ಪೋರ್ಟ್ ಬೇಕಿಲ್ಲ, ಗೇಟಿನಲ್ಲಿ ಇಳಿಯಬೇಕಿಲ್ಲ. ಪಶ್ಚಿಮ ಸಹಾರಾದ ಬೂ ಕ್ರಾದಲ್ಲಿ ಫಾಸ್ಫೇಟ್ ಹೊತ್ತು ಕಡಲಿಗೆ ಹೋಗುವ, ಸುಮಾರು 100 ಕಿ.ಮೀ. ಉದ್ದದ ಸಾಲು ಹಾಗಲ್ಲ. ಅದು ಹಲವು ತುಂಡುಗಳದ್ದು, ಎಂದರೆ ಹಲವು ಟ್ರಾನ್ಸ್‌ಫರ್ ಪಾಯಿಂಟುಗಳದ್ದು. ಗಾಳಿಗೆ ಹಾರಿಬಿದ್ದ ಅದರ ಪುಡಿ ಮರಳುಗಾಡಿನಲ್ಲಿ ಬಿಳಿ ಪಟ್ಟೆಯಾಗಿ ಉಪಗ್ರಹದ ಚಿತ್ರಗಳಲ್ಲೂ ಕಾಣುತ್ತದೆ.

ಚೆಲ್ಲುವುದೆಲ್ಲ ನಷ್ಟ ಎಂಬುದು ಇಂಜಿನಿಯರ ಮತ. ಪಾಲಾರ್ ಗೇಟಿನಲ್ಲಿ ನಿಂತು ನೋಡಿದರೆ ಈ ಮತ ಅಲುಗಾಡುತ್ತದೆ. ಲಾರಿ ನಿಲ್ಲುತ್ತದೆ, ಡ್ರೈವರು ಕಾಗದ ಹಿಡಿದು ಇಳಿಯುತ್ತಾನೆ, ಕ್ಲೀನರು ಟೀ ಕುಡಿಯುತ್ತಾನೆ, ತಲೆ ತಿರುಗಿದವರು ಸೋಡಾ ಕೇಳುತ್ತಾರೆ, ಒಬ್ಬರು ಕನ್ನಡದಲ್ಲಿ ರೇಟು ಕೇಳಿದರೆ ಇನ್ನೊಬ್ಬರು ತಮಿಳಿನಲ್ಲಿ ಚೌಕಾಸಿ ಮಾಡುತ್ತಾರೆ. ಹೊರೆ ಕೈ ಬದಲಿಸುವಾಗ ಚೆಲ್ಲಿದ ಈ ಹತ್ತು ನಿಮಿಷಗಳೇ ಇಲ್ಲಿನ ಒಲೆ ಉರಿಸುತ್ತವೆ. ಬಾಗುಬೆಲ್ಟು ಪರಿಪೂರ್ಣವಾದ ದಿನ ಪಾಲಾರಿನಲ್ಲಿ ಏನೂ ಚೆಲ್ಲುವುದಿಲ್ಲ. ಏನೂ ಚೆಲ್ಲದ ಕಡೆ ಅಂಗಡಿ ಇರುವುದಿಲ್ಲ. ಆದ್ದರಿಂದ ಇಲ್ಲಿ ಬಾಗುಬೆಲ್ಟು ತಾಂತ್ರಿಕವಾಗಿ ಅಸಾಧ್ಯ, ಆರ್ಥಿಕವಾಗಿ ಅಪಾಯಕರ ಎಂಬುದು ಸಿದ್ಧವಾಯಿತು.

ಫಲಶ್ರುತಿ

ಬೆಟ್ಟ ಹತ್ತುತ್ತ ಇದನ್ನು ಓದಿದವರಿಗೆ ಗಂಟಲಿಗೆ ಬಂದದ್ದು ಹೊಟ್ಟೆಗೆ ಇಳಿಯುವುದು. ಇಳಿಯುತ್ತ ಓದಿದವರಿಗೆ ಕಂಡಕ್ಟರು ಚಿಲ್ಲರೆ ಕೊಡುವರು. ಓದದೆ ಸಹಿ ಹಾಕಿದ ಮಾರ್ಗದರ್ಶಕರಿಗೆ ಮುಂಬಡ್ತಿ. ಓದಿ, ಅರ್ಥ ಮಾಡಿಕೊಂಡು, ಆದರೂ ಸಹಿ ಹಾಕದವರಿಗೆ ಪಾಲಾರ್ ಗೇಟಿಗೇ ವರ್ಗ. ಟೀ ಖರ್ಚು ಅವರದೇ.