ಬೆನ್ನೇರಿದ ಅಜ್ಜ

ಫ್ಯಾಂಟಸಿ ಕಾದಂಬರಿ ಎಂದರೆ ಮೊದಲು ನಕ್ಷೆ, ಆಮೇಲೆ ವಂಶಾವಳಿ, ನೂರು ಪುಟ ದಾಟಿದ ಮೇಲೆ ಕತೆ. ಹಾಗಾಗಿ ಹೆಸರೇ ಕೇಳದ ಲೇಖಕರ ಚೊಚ್ಚಲ ಪುಸ್ತಕ ಕೈಗೆ ಬಂದರೆ ನಾನು ಮೊದಲು ನೋಡುವುದು ದಪ್ಪ. ಅಮೆರಿಕದ ಬ್ಯಾರಿ ಹ್ಯೂಗಾರ್ಟ್ ಅವರ ‘ಬ್ರಿಡ್ಜ್ ಆಫ್ ಬರ್ಡ್ಸ್’ (1984) ತೆಳ್ಳಗಿತ್ತು, ಬಚಾವಾದೆ.

ಎಂದೂ ಇರದಿದ್ದ ಒಂದು ಪುರಾತನ ಚೀನಾ. ಹಳ್ಳಿಯೊಂದರಲ್ಲಿ ರೇಷ್ಮೆಹುಳುಗಳೆಲ್ಲ ಸಾಯುತ್ತವೆ, ಜತೆಗೇ ಮಕ್ಕಳು ಎಚ್ಚರ ತಪ್ಪಿ ಬೀಳುತ್ತಾರೆ. ಅದೂ 8ರಿಂದ 13 ವರ್ಷದವರು ಮಾತ್ರ! ಪಂಡಿತರನ್ನು ಹುಡುಕಿಕೊಂಡು ಊರಿನ ಗಟ್ಟಿಮುಟ್ಟು ಹುಡುಗ ಪೀಕಿಂಗಿಗೆ ಹೊರಡುತ್ತಾನೆ. ಅವನ ಹೆಸರೇ ಹತ್ತನೇ ನಂಬರಿನ ಎತ್ತು. ದೊಡ್ಡ ಪಂಡಿತರೆಲ್ಲ ಅವನ ಚಿಲ್ಲರೆ ಕಂಡು ಆಚೆ ದಬ್ಬಿಸುತ್ತಾರೆ. ಆ ಕಾಸಿಗೆ ಸಿಕ್ಕಿದ್ದು ಮಾಸ್ಟರ್ ಲಿ: ಹಣ್ಣುಹಣ್ಣು ಮುದುಕ, ಮಹಾಜ್ಞಾನಿ, ಮಹಾಕುಡುಕ. ಪರಿಚಯ ಹೇಳಿಕೊಳ್ಳುವಾಗಲೆಲ್ಲ ತನ್ನ ನಡತೆಯಲ್ಲೊಂದು ಸಣ್ಣ ಐಬಿದೆ ಎಂದು ಸೇರಿಸುತ್ತಾನೆ. ಸಣ್ಣದಂತೆ! ಮುಂದೆ ಕಳ್ಳತನ, ಮೋಸ, ಅಗತ್ಯ ಬಿದ್ದರೆ ಕೊಲೆಯೂ ಸೈ. ಓಡಬೇಕಾದಾಗ ಅಜ್ಜ ಎತ್ತಿನ ಬೆನ್ನೇರುತ್ತಾನೆ. ಥೇಟ್ ಬೇತಾಳ, ಉತ್ತರ ಹೇಳುವವನೂ ಇವನೇ ಎಂಬುದಷ್ಟೇ ವ್ಯತ್ಯಾಸ.

ಇಷ್ಟೆಲ್ಲ ನಗಿಸಿ, ಕೊನೆಗೆ ಕಣ್ಣೊರೆಸಿಕೊಳ್ಳುವ ಹಾಗೆ ಮಾಡುವುದು ಮಾತ್ರ ಅನ್ಯಾಯ.

1985ರ ವರ್ಲ್ಡ್ ಫ್ಯಾಂಟಸಿ ಪ್ರಶಸ್ತಿಯನ್ನು ಇನ್ನೊಂದು ಕಾದಂಬರಿಯ ಜತೆ ಹಂಚಿಕೊಂಡಿತು. ಹ್ಯೂಗಾರ್ಟ್ ಮುಂದೆ ಎರಡೇ ಎರಡು ಬರೆದು, ಪ್ರಕಾಶಕರ ಸಹವಾಸ ಸಾಕಾಗಿ ಪೆನ್ನು ಮುಚ್ಚಿಟ್ಟರು. ನನ್ನ ಪ್ರತಿಯನ್ನು ಯಾರಾದರೂ ಓದಲು ಕೇಳಿದರೆ, ಬೈಂಡಿಂಗಿಗೆ ಕೊಟ್ಟಿದ್ದೇನೆ ಎನ್ನುತ್ತೇನೆ.